ಮೇಲಿನ ಮಜಲಿನ ಸಸಿಗಳು

ಇಸ್ತ್ರಿ ಅಕ್ಕನಿಗೆ ಬೈಯದೆ ಮಾತಾಡಲು ಬರುತ್ತಿರಲಿಲ್ಲ. ಬೆಳಿಗ್ಗೆ ಇದ್ದಿಲು ಹೊತ್ತಿಕೊಳ್ಳದಿದ್ದರೆ ಇದ್ದಿಲಿಗೆ ಬೈಗುಳ, ಹೊತ್ತಿಕೊಂಡು ಕಿಡಿ ಹಾರಿಸಿದರೆ ಕಿಡಿಗೆ. ಶರ್ಟಿನ ಗುಂಡಿ ಕಿತ್ತುಹೋಗಿದ್ದರೆ ಶರ್ಟಿನವನಿಗೆ, ಅವನ ಹೆಂಡತಿಗೆ, ಕೊನೆಗೆ ಆ ಗುಂಡಿ ಹೊಲಿದ ನನಗೆ. ನನ್ನ ಹೊಲಿಗೆ ಅಂಗಡಿಗೂ ಅವಳ ಇಸ್ತ್ರಿ ಮೇಜಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಹದಿನೇಳು ವರ್ಷ ಆ ಹಲಗೆಯ ಸಂದಿಯಿಂದ ಬಂದ ಬೈಗುಳ ಕೇಳುತ್ತಲೇ ನಾನು ಮಿಷನ್ ತುಳಿದಿದ್ದೇನೆ. ಯಾವ ರೇಡಿಯೋ ಕೂಡ ಅಷ್ಟು ನಿಯತ್ತಾಗಿ ಹಾಡಿರಲಿಕ್ಕಿಲ್ಲ.

ಅಂಥವಳು ಒಂದು ಸಂಜೆ, ಇಪ್ಪತ್ತು ಹೆಂಗಸರು ತನ್ನ ಕಡೆ ಬೆರಳು ತೋರಿಸಿದಾಗ, ಒಂದು ಬೈಗುಳವೂ ಆಡದೆ ಕೂತಿದ್ದಳು. ಅವಳ ಪರವಾಗಿ ಆಡಬೇಕಾದ ಮಾತು ನನ್ನ ಬಾಯಲ್ಲಿತ್ತು. ನಾನೂ ಆಡಲಿಲ್ಲ. ಅವಳ ಬಗ್ಗೆ ಎಲ್ಲಿಂದ ಬರೆಯಲು ಶುರು ಮಾಡಿದರೂ ಪೆನ್ನು ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅವಳ ಮೇಜು ಮೂರಂತಸ್ತಿನ ಹಳೇ ಕಟ್ಟಡದ ಮಹಡಿ ಮೆಟ್ಟಿಲ ಕೆಳಗಿದೆ. ನೆಟ್ಟಗೆ ನಿಂತರೆ ತಲೆ ತಾಗುವ ಜಾಗ. ಹಾಗಾಗಿ ಅವಳಿಗೆ ತುಸು ಬಗ್ಗಿಯೇ ನಿಲ್ಲುವ ಅಭ್ಯಾಸ, ಬಯಲಲ್ಲಿ ನಿಂತಾಗಲೂ. ಮೇಜಿನ ಮೇಲೆ ನಾಲ್ಕು ಮಡಿಕೆ ಕಂಬಳಿ, ಅದರ ಮೇಲೊಂದು ಬೆಡ್‌ಶೀಟು, ಬಲಗಡೆ ಇಸ್ತ್ರಿ ಪೆಟ್ಟಿಗೆ ಇಟ್ಟೂ ಇಟ್ಟೂ ಕಂದಿದ ಗುರುತು. ಓದು ಬರಹ ಬಾರದು. ಬಟ್ಟೆಯ ಗಂಟು ಕಟ್ಟಿದ ರೀತಿಯಲ್ಲೇ ಅದು ಯಾರ ಮನೆಯದೆಂದು ಹೇಳುತ್ತಾಳೆ. ಬರೀ ಮನೆಯಲ್ಲ, ಆ ಮನೆಯ ಈ ವಾರದ ಸಮಾಚಾರವನ್ನೂ. "ಗಂಟು ಗಂಡಸು ಕಟ್ಟಿದ್ದು ಕಣೆ. ಅವಳು ಮುನಿಸ್ಕೊಂಡು ತವರಿಗೆ ಹೋಗಿದಾಳೆ" ಎಂದು ಸಂದಿಯಿಂದ ವರದಿ ಬರುತ್ತಿತ್ತು. ನಾಲ್ಕು ದಿನ ಬಿಟ್ಟು ವಿಚಾರಿಸಿದರೆ ಅದು ನಿಜವೇ ಆಗಿರುತ್ತಿತ್ತು.

ಇಸ್ತ್ರಿಗೆ ಬರುವ ಮುಂಚೆ ಅವಳು ಕಲ್ಲು ಒಡೆಯುತ್ತಿದ್ದಳು. ನಮ್ಮ ಓಣಿಯ ಹಿಂದಿನ ಗುಡ್ಡ ಆಗ ಕಲ್ಲುಗಣಿ. ಹನ್ನೆರಡನೇ ವಯಸ್ಸಿಗೆ ಸುತ್ತಿಗೆ ಹಿಡಿದವಳು ಮೂವತ್ತು ದಾಟುವವರೆಗೆ ಬಿಡಲಿಲ್ಲ. ಗಂಡ ಅಲ್ಲೇ ಸಿಡಿಮದ್ದು ಇಡುವ ಕೆಲಸಕ್ಕಿದ್ದ. ಸಿಡಿಸಿ ಸಿಡಿಸಿ ಕಿವಿ ಕಳೆದುಕೊಂಡ. "ಅವನಿಗೆ ಕೇಳಿಸ್ಲಿ ಅಂತ ಕೂಗಿ ಕೂಗಿ ನನ್ನ ಗಂಟಲು ಹೀಗಾಯ್ತು. ಅವನು ಹೋದ, ಗಂಟಲು ಉಳೀತು" ಎಂದು ನಗುತ್ತಿದ್ದಳು. ಗಣಿ ಮುಚ್ಚಿದ ಮೇಲೆ ಗುಡ್ಡ ದೊಡ್ಡ ಮೆಟ್ಟಿಲುಗಳಂಥ ಮೂರು ಮಜಲಾಗಿ, ಅರ್ಧ ತಿಂದಿಟ್ಟ ರೊಟ್ಟಿಯ ಹಾಗೆ ಉಳಿಯಿತು. ಯಾವುದೋ ಆಫೀಸಿನವರು ಬಂದು ನೀಲಗಿರಿ ನೆಟ್ಟು ಹೋದರು. ಒಂದು ಕಾಗೆಯೂ ಅದರಲ್ಲಿ ಗೂಡು ಕಟ್ಟಲಿಲ್ಲ. ಬೇಸಿಗೆಯಲ್ಲಿ ಗುಡ್ಡದ ದೂಳು ಬಂದು ನನ್ನ ಬಿಳಿ ಬಟ್ಟೆಗಳ ಮೇಲೆ ಕೂರುತ್ತಿತ್ತು, ಅವಳ ಇಸ್ತ್ರಿಯ ಮೇಲೂ ಕೂರುತ್ತಿತ್ತು.

ಅಲ್ಲಿ ಈ ಮಣ್ಣಿನ ಮರಗಳನ್ನೇ ಬೆಳೆಸಬೇಕು ಎಂದು ಮೊದಲು ಬಾಯಿ ತೆರೆದವಳು ಅವಳು. ಅತ್ತಿ, ನೇರಳೆ, ಹೊಂಗೆ, ಮತ್ತಿ. "ಗುಡ್ಡ ಒಡೆದು ಹೊಟ್ಟೆ ತುಂಬಿಸ್ಕೊಂಡೋಳು ನಾನು. ಈಗ ಅದಕ್ಕೆ ಏನಾದ್ರೂ ತಿನ್ನಿಸ್ಬೇಡ್ವಾ?" ಎಂದಳು. ಓಣಿಯ ಹೆಂಗಸರೆಲ್ಲ ಸೇರಿದೆವು. ಬೀಜದ ಖಾತೆ ಅವಳದೇ. ಇಸ್ತ್ರಿ ಮಾಡಿದ ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ "ಹಣ್ಣು ನೀವು ತಿನ್ನಿ, ಬೀಜ ನಂಗಿಡಿ" ಎಂದು ಹೇಳಿ ಬರುತ್ತಿದ್ದಳು. ಮಕ್ಕಳ ಚಡ್ಡಿಯ ಜೇಬಿನಲ್ಲಿ ನೇರಳೆ ಬೀಜ ಸಿಕ್ಕರೆ, ಬಟ್ಟೆಗೆ ಕಲೆ ಮಾಡಿದ್ದಕ್ಕೆ ಆ ಮಗುವಿಗೆ ಬೈದು, ಬೀಜವನ್ನು ಜೋಪಾನವಾಗಿ ತೆಗೆದಿಡುತ್ತಿದ್ದಳು. ಕಟ್ಟಡದ ತಾರಸಿಯ ಮೇಲೆ ಪ್ಲಾಸ್ಟಿಕ್ ಕವರುಗಳಲ್ಲಿ ಮಣ್ಣು ತುಂಬಿ ಸಸಿ ಎಬ್ಬಿಸಿದಳು.

ಮಕ್ಕಳಿಗೆ ನೆಡಲು ಕಲಿಸಿದ್ದೂ ಅವಳೇ. ಅವಳ ಶಾಲೆಯಲ್ಲಿ ಒಂದೇ ಪಾಠ. ಕವರು ಬಿಚ್ಚುವುದು. "ನಿದ್ದೆ ಮಾಡ್ತಿರೋ ಪಾಪುವಿನ ಅಂಗಿ ಬಿಚ್ತೀರಲ್ಲ, ಹಾಗೆ. ಏಳಬಾರದು, ಅಳಬಾರದು." ಮಣ್ಣಿನ ಉಂಡೆ ಒಡೆಯದಂತೆ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕವರನ್ನು ಕೆಳಗೆ ಜಾರಿಸಿ, ಗುಂಡಿಯಲ್ಲಿ ಕೂರಿಸಬೇಕು. ಖಾಲಿ ಕವರುಗಳನ್ನು ತಾನೇ ಆರಿಸಿ ಕೊಂಡೊಯ್ದು, ತೊಳೆದು, ಶರ್ಟುಗಳ ಪಕ್ಕದಲ್ಲೇ ಹಗ್ಗಕ್ಕೆ ಹಾಕುತ್ತಿದ್ದಳು, ಮುಂದಿನ ವರ್ಷಕ್ಕೆ ಬೇಕಲ್ಲ ಎಂದು. ನನ್ನ ಮಗಳು ಆಗ ಆರು ವರ್ಷದವಳು. ಎಲ್ಲಕ್ಕೂ ಯಾಕೆ ಎಂದು ಕೇಳುವ ಪ್ರಾಣಿ. "ಕವರಲ್ಲೇ ಇದ್ರೆ ಏನಾಗುತ್ತಜ್ಜಿ?" ಎಂದು ಕೇಳಿದಳಂತೆ. "ನಿಂಗೆ ಈಗಿನ ಚಪ್ಪಲೀನೇ ಮದುವೆ ಆಗೋವರೆಗೂ ಹಾಕಿಟ್ರೆ ಏನಾಗುತ್ತೆ?" ಎಂದಳಂತೆ ಇವಳು. ಅಂದಿನಿಂದ ಮಗಳಿಗೆ ಲಾಯರಮ್ಮ ಎಂದೇ ಹೆಸರಿಟ್ಟಳು.

ಇನ್ನು ನನ್ನ ವಿಷಯ. ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಕೊಡುವ ಟೈಲರ್ ಭೂಮಿಯ ಮೇಲೆ ನಾನೊಬ್ಬಳೇ ಎಂಬ ಜಂಬ ನನಗೆ. ಹೇಳಿದ ದಿನಕ್ಕೆ ಕೆಲಸ ಮುಗಿಯದಿದ್ದರೆ ನನ್ನ ಮೈಯೆಲ್ಲ ಉರಿಯುತ್ತದೆ. ಒಳ್ಳೆಯ ಗುಣ ಎಂದೇ ಎಲ್ಲರೂ ಹೊಗಳಿದ್ದಾರೆ, ನಾನೂ ನಂಬಿದ್ದೆ.

ಮೂರು ವರ್ಷದ ಹಿಂದೆ, ಮೊದಲ ಮಳೆ ಬಿದ್ದ ವಾರ, ಮೂರು ಮಜಲಿಗೂ ಒಂದೇ ದಿನ ನೆಡುವುದೆಂದು ತೀರ್ಮಾನವಾಯಿತು. ಅವತ್ತೇ ಪಕ್ಕದ ರಸ್ತೆಯ ಲಾಡ್ಜಿನವರು ಎಪ್ಪತ್ತು ಬೆಡ್‌ಶೀಟು ತಂದು ಸುರಿದರು. ಇಸ್ತ್ರಿ ಅಕ್ಕ ಬರಲಾಗಲಿಲ್ಲ. "ಮೇಲಿನ ಮಜಲು ನೀನು ನೋಡ್ಕೋ. ಮಕ್ಕಳು ಜೊತೆಗಿರ್ತಾರೆ. ಆದಷ್ಟು ಮಾಡಿ, ಉಳಿದಿದ್ದು ನಾಳೆ ನಾನು ಬಂದು ಮಾಡ್ತೀನಿ" ಎಂದಳು. "ನಾಳೆಗೆ ಯಾಕಕ್ಕ, ಇವತ್ತೇ ಮುಗಿಸ್ತೀನಿ" ಎಂದೆ.

ಸಸಿ ಹೊತ್ತ ಗಾಡಿ ಮಧ್ಯಾಹ್ನ ಎರಡಕ್ಕೆ ಬಂತು. ಇನ್ನೂರ ನಲವತ್ತು ಸಸಿ, ಎಂಟು ಮಕ್ಕಳು, ನಾನು. ತಾರಸಿಯಿಂದ ಇಳಿಸಿದ ಮೇಲೆ ಮೂರು ದಿನ ಗುಡ್ಡದ ಕೆಳಗಿನ ಶೆಡ್ಡಿನಲ್ಲಿ ನೀರಿಲ್ಲದೆ ನಿಂತ ಸಸಿಗಳು. ಕವರು ಜಾರಿಸಿದರೆ ಮಣ್ಣು ಪುಡಿಪುಡಿಯಾಗಿ ಉದುರಿ ಬರೀ ಬೇರು ಕೈಗೆ ಬರುತ್ತಿತ್ತು. ಮೊದಲು ನೀರಲ್ಲಿ ಅದ್ದಿ, ಒಂದು ತಾಸು ಬಿಟ್ಟು, ಮಣ್ಣು ಬಿಗಿಯಾದ ಮೇಲೆ ನೆಡಬೇಕಿತ್ತು. ನನಗೆ ಅದು ಗೊತ್ತಿತ್ತು. ಅಷ್ಟರಲ್ಲಿ ಕೆಳಗಿನ ಮಜಲಿನಿಂದ ಹಾಲಿನ ಬೂತಿನವಳು ಕೂಗಿದಳು, "ನಮ್ದು ಮುಗೀತಪ್ಪಾ! ಟೈಲರಮ್ಮ ಇನ್ನೂ ಅಳತೆ ತಗೋತಿದಾಳೆ!" ಕೆಳಗಿದ್ದವರೆಲ್ಲ ಘೊಳ್ಳೆಂದು ನಕ್ಕರು.

ನನ್ನ ಸೊಂಟದಲ್ಲಿ ಕತ್ತರಿ ಇತ್ತು. ಒಂದು ಕಲ್ಲಿನ ಮೇಲೆ ಕೂತೆ. ಪ್ರತಿ ಕವರಿನ ಬುಡಕ್ಕೆ ಎರಡು ಸಲ ಕತ್ತರಿ ಆಡಿಸಿ, ಕವರು ತೆಗೆಯದೆ ಹಾಗೇ ಮಕ್ಕಳ ಕೈಗೆ ಕೊಡುತ್ತ ಹೋದೆ. ಬೇರು ಬುಡದಿಂದ ದಾರಿ ಮಾಡಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳು ಒಂದು ಸಸಿ ಹಿಡಿದು ನಿಂತಳು. "ಅಮ್ಮಾ, ಅಂಗಿ ಬಿಚ್ಚಲ್ವಾ?" ಎಂದಳು. "ಮೇಲಿನ ಮಜಲಿಗೆ ಹೀಗೇ ನೆಡೋದು. ಸುಮ್ನೆ ಹೋಗಿ ನೆಡು" ಎಂದು ಗದರಿದೆ. ಆರು ಗಂಟೆಯೊಳಗೆ ಮುಗಿಯಿತು. ಚಪ್ಪಾಳೆ ತಟ್ಟುತ್ತ ಇಳಿದೆವು.

ಮಾರನೇ ದಿನ ಇಸ್ತ್ರಿ ಅಕ್ಕ ಸಂದಿಯಿಂದ ಕೇಳಿದಳು, "ಖಾಲಿ ಕವರೆಲ್ಲಿ?"

"ಗಾಳಿಗೆ ಹಾರಿಹೋದ್ವು" ಎಂದೆ.

"ಇನ್ನೂರ ನಲವತ್ತೂ? ನೀನು ನೆಟ್ಟಿದ್ದು ಗಿಡಾನೋ ಗಾಳಿಪಟಾನೋ?" ಎಂದು ಬೈದು, ಅಲ್ಲಿಗೇ ಬಿಟ್ಟಳು. ನಂಬಿದಳು. ಅಷ್ಟು ವರ್ಷದ ನೆರೆಯವಳು ಸುಳ್ಳು ಹೇಳುತ್ತಾಳೆಂದು ಯಾರಾದರೂ ಯಾಕೆ ಅಂದುಕೊಳ್ಳಬೇಕು?

ಎರಡು ವರ್ಷ ಮೇಲಿನ ಮಜಲು ಹಸಿರಾಗಿಯೇ ಇತ್ತು. ಕೆಳಗಿನವಕ್ಕಿಂತ ಒಂದು ಗೇಣು ಎತ್ತರವೇ ಅನ್ನಿ. ನನ್ನ ಎದೆ ನಿರಾಳವಾಯಿತು. ಗುಡ್ಡಕ್ಕೆ ನೀರು ಹಾಕುವ ಹೊಣೆ ಇಸ್ತ್ರಿ ಅಕ್ಕನದು. ಟ್ಯಾಂಕಿನ ಶೆಡ್ಡಿನ ಬೀಗದಕೈ ಅವಳ ಸೊಂಟದಲ್ಲಿ. ಬೆಳಿಗ್ಗೆ ಐದೂವರೆಗೆ ಹತ್ತಿ, ಎರಡು ತಾಸು ನೀರು ಬಿಟ್ಟು, ಇಳಿದು ಬಂದು ಇದ್ದಿಲು ಹೊತ್ತಿಸುತ್ತಿದ್ದಳು. ಶಾಲೆಯಿಲ್ಲದ ದಿನ ಮಕ್ಕಳು ಹಿಂದೆ ಹಿಂದೆ. ಬದುಕಿನಲ್ಲಿ ಅವಳು ಆಸೆಪಟ್ಟು ಇಟ್ಟುಕೊಂಡದ್ದು ಆ ಬೀಗದಕೈ ಒಂದನ್ನೇ. ಇಸ್ತ್ರಿ ಪೆಟ್ಟಿಗೆಯನ್ನು ಹೊಟ್ಟೆಪಾಡಿಗೆ ಹಿಡಿದಿದ್ದಳು. ಬೀಗದಕೈಯನ್ನು ಹಾಗಲ್ಲ. "ಇದು ಇರೋವರೆಗೂ ನಂಗೆ ವಯಸ್ಸಾಗಲ್ಲ" ಎನ್ನುತ್ತಿದ್ದಳು.

ಮೂರನೇ ಬೇಸಿಗೆಯಲ್ಲಿ ಮೇಲಿನ ಮಜಲಿನ ಎಲೆ ಹಳದಿಯಾಗತೊಡಗಿತು. ನಂತರ ಒಂದೊಂದೇ ಗಿಡ ಗಾಳಿಗೆ ಬುಡಸಮೇತ ಮಲಗಿತು. ಎದೆಯುದ್ದ ಬೆಳೆದ ನೇರಳೆ, ಕೈಯಲ್ಲಿ ಎತ್ತಿದರೆ ಹೂದಾನಿಯ ಗಿಡದಂತೆ ಹಗುರವಾಗಿ ಬಂತು. ಒಂದು ಭಾನುವಾರ ನಾನೊಬ್ಬಳೇ ಹತ್ತಿ ಹೋಗಿ ನೋಡಿದೆ. ಬಿದ್ದ ಗಿಡದ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಅಂಚು ಕಾಣುತ್ತಿತ್ತು, ಬೇರುಗಳೆಲ್ಲ ಒಳಗೇ ಸುತ್ತಿ ಸುತ್ತಿ ಹಗ್ಗದ ಸಿಂಬಿಯಾಗಿದ್ದವು. ನಾನೇನು ಮಾಡಿದೆ ಗೊತ್ತೇ? ಸುತ್ತ ನೋಡಿದೆ. ಯಾರೂ ಇರಲಿಲ್ಲ. ಕಾಲಿನಿಂದ ಅದರ ಮೇಲೆ ಮಣ್ಣು ತಳ್ಳಿ ಇಳಿದು ಬಂದೆ. ಅವತ್ತು ಹೊಲಿದ ನಾಲ್ಕು ರವಿಕೆಯ ತೋಳುಗಳನ್ನು ಎಡಕ್ಕೆ ಬಲದ್ದು, ಬಲಕ್ಕೆ ಎಡದ್ದು ಜೋಡಿಸಿದೆ.

ಅಷ್ಟರಲ್ಲಿ ಓಣಿಯಲ್ಲಿ ಮಾತು ಎದ್ದಿತ್ತು. ಕೆಳಗಿನ ಎರಡು ಮಜಲು ನಳನಳಿಸುತ್ತಿವೆ, ಮೇಲಿನದು ಮಾತ್ರ ಸಾಯುತ್ತಿದೆ. ಯಾಕೆ? ಇಸ್ತ್ರಿ ಅಕ್ಕನಿಗೆ ಮಂಡಿನೋವು, ಮೇಲೆ ಹತ್ತಲು ಆಗುತ್ತಿಲ್ಲ, ಕೆಳಗೇ ನೀರು ಬಿಟ್ಟು ಇಳಿದುಬರುತ್ತಿದ್ದಾಳೆ. ಕುಂಟುವುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇನ್ನೇನು ಸಾಕ್ಷಿ ಬೇಕು?

ಸಭೆ ಸೇರಿದ್ದು ಶಾಲೆಯ ಒಂದನೇ ತರಗತಿಯ ಕೋಣೆಯಲ್ಲಿ. ದೊಡ್ಡ ದೊಡ್ಡ ಹೆಂಗಸರು ಪುಟ್ಟ ಬೆಂಚುಗಳ ಮೇಲೆ ಮಂಡಿ ಎತ್ತಿಕೊಂಡು ಕೂತಿದ್ದೆವು. ಹಾಲಿನ ಬೂತಿನವಳು ಎದ್ದಳು. ಕೆಟ್ಟ ಹೆಂಗಸಲ್ಲ, ಬಾಯಿ ಸ್ವಲ್ಪ ಮುಂದೆ.

"ಅಕ್ಕ, ಬೇಜಾರು ಮಾಡ್ಕೋಬೇಡಿ. ವಯಸ್ಸಾಗೋದು ತಪ್ಪಲ್ಲ. ಆದ್ರೆ ಆಗಲ್ಲ ಅಂತ ಒಂದು ಮಾತು ಹೇಳ್ಬೇಕಿತ್ತು ತಾನೇ? ಮಕ್ಕಳು ನೆಟ್ಟ ಗಿಡ ಅದು. ನೂರಕ್ಕಿಂತ ಜಾಸ್ತಿ ಹೋಗಿದಾವೆ. ಮೇಲಕ್ಕೆ ನೀರು ಬಿಡ್ತಿದ್ರೋ ಇಲ್ವೋ, ಹೇಳ್ಬಿಡಿ."

ಕೋಣೆಯೆಲ್ಲ ಕಿವಿ ಮುಚ್ಚಿಕೊಳ್ಳಲು ತಯಾರಾಯಿತು. ಈಗ ಬರುವ ಬೈಗುಳಕ್ಕೆ ಹೆಂಚು ಹಾರಬಹುದೆಂದು ನಾನೂ ಅಂದುಕೊಂಡೆ. ಹಾರಲಿ ಎಂದೇ ಆಸೆಪಟ್ಟೆ. ಅವಳು ಬೈದು ಗೆದ್ದುಬಿಟ್ಟರೆ ನಾನು ಬಾಯಿ ತೆರೆಯಬೇಕಾಗಿರಲಿಲ್ಲ. ಅವಳು ತನ್ನ ಕೈಬೆರಳುಗಳನ್ನು ನೋಡುತ್ತ ಕೂತಳು. ಇದ್ದಿಲು ಮಸಿ ಉಗುರಿನ ಸಂದಿಯಲ್ಲಿ.

"ಹೇಳಕ್ಕ" ಎಂದಳು ಇನ್ನೊಬ್ಬಳು.

"ನನ್ನಿಂದಲೇ ಆಯ್ತು ಅಂತ ಇಟ್ಕೊಳ್ಳಿ" ಎಂದಳು. ಅಷ್ಟೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ಸೊಂಟದ ಕತ್ತರಿಯ ಮೇಲಿತ್ತು. ಎದ್ದು ನಿಂತು ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂತು, ನಿಜವಾಗಿ ಬಂತು. ಅದರ ಹಿಂದೆಯೇ, 'ಮಕ್ಕಳು ನೆಟ್ಟ ಗಿಡ ಅದು' ಎಂದ ಈ ಇಪ್ಪತ್ತು ಮುಖಗಳು ನನ್ನ ಕಡೆ ತಿರುಗಿದರೆ ಹೇಗಿರುತ್ತದೆ ಎಂಬ ಯೋಚನೆಯೂ ಬಂತು. ನುಂಗಿಕೊಂಡೆ. ಇಸ್ತ್ರಿ ಅಕ್ಕ ಸೊಂಟದಿಂದ ಬೀಗದಕೈ ಬಿಚ್ಚಿ ಬೆಂಚಿನ ಮೇಲಿಟ್ಟಳು. ಯಾರಾದರೂ ತೆಗೆದುಕೊಳ್ಳಬೇಕಲ್ಲ. "ಟೈಲರಮ್ಮನೇ ಇಟ್ಕೊಳ್ಳಲಿ, ಹೇಳಿದ ಟೈಮಿಗೆ ಕೆಲಸ ಮಾಡೋಳು" ಎಂದಳು ಹಾಲಿನ ಬೂತಿನವಳು. ಎಲ್ಲರೂ ಹೂಂ ಎಂದರು. ನಾನು ತೆಗೆದುಕೊಂಡೆ. ಅದಿನ್ನೂ ಬೆಚ್ಚಗಿತ್ತು.

ಅಲ್ಲಿಂದ ಹಲಗೆ ಗೋಡೆ ಸುಮ್ಮನಾಯಿತು. ಪೆಟ್ಟಿಗೆ ಮೇಜಿನ ಮೇಲೆ ಕೂರುವ ಸದ್ದು, ಬಟ್ಟೆಗೆ ನೀರು ಚಿಮುಕಿಸುವ ಸದ್ದು, ಅಷ್ಟೇ. ನಾನು ಬೆಳಿಗ್ಗೆ ಐದೂವರೆಗೆ ಗುಡ್ಡ ಹತ್ತಿ ಮೇಲಿನ ಮಜಲಿಗೆ ನೀರು ಬಿಡುತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಬಿಡುತ್ತಿದ್ದೆ, ಸತ್ತವರ ಬಾಯಿಗೆ ಔಷಧಿ ಹಾಕಿದ ಹಾಗೆ. ಇನ್ನೂ ತೊಂಬತ್ತು ಚಿಲ್ಲರೆ ಗಿಡ ನಿಂತಿದ್ದವು. ಅವುಗಳ ಬುಡ ಅಗೆದು ಕವರು ಸೀಳಿದರೆ ಒಂದಷ್ಟು ಉಳಿಯಬಹುದು. ಆದರೆ ಒಬ್ಬಳೇ ಅಗೆಯಲಾರೆ. ಇನ್ನೊಬ್ಬರನ್ನು ಕರೆದರೆ ಯಾಕೆ ಎಂದು ಹೇಳಬೇಕು. ಹೀಗೆ ಲೆಕ್ಕ ಹಾಕುತ್ತ ಕೂತ ಎರಡು ತಿಂಗಳಲ್ಲಿ ಇನ್ನೂ ಎಂಟು ಹೋದವು. ಅವಕ್ಕೆ ನನ್ನ ಜಂಬ ಕಾರಣವಲ್ಲ, ಬರೀ ಹೇಡಿತನ.

ಮಳೆ ಬಂತು. ಬೀಗದಕೈ ಹೋದರೂ ಇಸ್ತ್ರಿ ಅಕ್ಕ ತಾರಸಿಯ ಸಸಿಗಳನ್ನು ಬಿಟ್ಟಿರಲಿಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ನೆಡಲು ಹೋಗುತ್ತಿದ್ದಳು. ಎರಡು ಭಾನುವಾರ ಹೋದ ಮಗಳು ಮೂರನೆಯದಕ್ಕೆ ಹಾಸಿಗೆ ಬಿಟ್ಟು ಏಳಲಿಲ್ಲ.

"ಯಾಕೆ, ಲಾಯರಮ್ಮ?"

"ಅಜ್ಜಿ ನನ್ನ ಕೈಗೆ ಗಿಡ ಕೊಡಲ್ಲ. ಎಲ್ರಿಗೂ ಕೊಡ್ತಾರೆ. ನಂಗೆ ಬರೀ ಮಣ್ಣು ಜರಡಿ ಹಿಡಿಯೋಕೆ ಹೇಳ್ತಾರೆ."

"ಯಾಕಂತೆ?"

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಈಗ ಅವಳಿಗೆ ಒಂಬತ್ತು ವರ್ಷ. ಪ್ರಶ್ನೆಗೆ ಉತ್ತರ ಕೊಡದೆ ಮಲಗಿದ್ದನ್ನು ನಾನು ಅವತ್ತೇ ನೋಡಿದ್ದು.

ನನಗೆ ರೇಗಿತು. ತಪ್ಪು ಮಾಡಿದವಳಿಗೆ ಬರುವಷ್ಟು ಸಿಟ್ಟು ಇನ್ನಾರಿಗೂ ಬರುವುದಿಲ್ಲ. ನನ್ನ ಮೇಲಿನ ಕೋಪವನ್ನು, ನಾನು ಬೀಗದಕೈ ತೆಗೆದುಕೊಂಡ ಕೋಪವನ್ನು, ಮಗುವಿನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ತಾ ಕಳ್ಳ ಪರರ ನಂಬ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಮೆಟ್ಟಿಲ ಕೆಳಗೆ ಹೋಗಿ ನಿಂತೆ.

"ಏನಕ್ಕ ಇದು? ನನ್ನ ಮೇಲೆ ಸಿಟ್ಟಿದ್ರೆ ನಂಗೆ ಬೈಯಿ. ಮಗು ಏನು ಮಾಡಿತ್ತು?"

ಅವಳು ಯಾರದೋ ಪ್ಯಾಂಟಿನ ಮಡಿಕೆ ತೀಡುತ್ತಿದ್ದಳು. ಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ, ಮೇಜಿನ ಕೆಳಗಿನ ಡಬ್ಬಿಯಿಂದ ಒಂದು ಬಟ್ಟೆ ಗಂಟು ತೆಗೆದು ಬಿಚ್ಚಿದಳು. ಒಳಗೆ ಬೇರಿನ ಒಂದು ಸಿಂಬಿ, ಅದಕ್ಕೆ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್ ಚೂರು.

"ಮೊದಲ ಗಿಡ ಬಿದ್ದಾಗಲೇ ಅಗೆದು ನೋಡಿದೆ. ಇನ್ನೆರಡು ಅಗೆದೆ. ಎಲ್ಲದ್ರಲ್ಲೂ ಇದೇ. ಮಕ್ಕಳು ಕವರು ಬಿಚ್ಚದೆ ನೆಟ್ಟಿದಾವೆ ಅಂದ್ಕೊಂಡೆ. ನೀನು ಒಬ್ಬಳು, ಎಂಟು ಮಕ್ಕಳು, ಎಷ್ಟು ಅಂತ ನೋಡ್ಕೋತೀಯ? ಆಮೇಲೆ ನಿನ್ನ ಮಗಳನ್ನ ಪಕ್ಕಕ್ಕೆ ಕರೆದು ಕೇಳ್ದೆ."

"ಏನಂದಳು?"

"'ಹೌದಜ್ಜಿ, ನಾನೇ ಬಿಚ್ಚಲಿಲ್ಲ. ಬೇರೆಯವ್ರಿಗೂ ನಾನೇ ಹೇಳ್ದೆ' ಅಂದ್ಲು. ಅಳಲಿಲ್ಲ, ಏನಿಲ್ಲ. ನೆಟ್ಟಗೆ ನಿಂತು ಹೇಳಿದ್ಲು." ಅವಳು ಗಂಟನ್ನು ಮತ್ತೆ ಕಟ್ಟತೊಡಗಿದಳು. "ಸಭೇಲಿ ಇದನ್ನ ತೆಗೆದು ತೋರಿಸಿದ್ರೆ ನನ್ನ ತಲೆ ಮೇಲಿಂದ ಇಳೀತಿತ್ತು. ಆ ಮಗು ತಲೆ ಮೇಲೆ ಕೂರ್ತಿತ್ತು. ಊರೆಲ್ಲ ಅದನ್ನ ಗಿಡ ಸಾಯಿಸಿದ ಹುಡುಗಿ ಅಂತಿದ್ರು. ನಿನ್ನ ಮುಖ ಹೇಗೆ ನೋಡಲಿ? ನಂಗೇನು, ಅರವತ್ತಾಯ್ತು, ಇನ್ನೊಂದು ಮಾತು ಹೊರೋಕೆ ಆಗಲ್ವಾ? ಆದ್ರೆ ಕಣೆ, ಗಿಡ ಕೊಡೋಕೆ ಮಾತ್ರ ಕೈ ಬರ್ತಿಲ್ಲ. ಹೇಳಿ ಕೊಟ್ಟಿದ್ದೆನಲ್ಲ, ಗೊತ್ತಿದ್ದೂ ಹೀಗೆ ಮಾಡಿದ್ಲಲ್ಲ ಅನ್ಸುತ್ತೆ."

ಮೆಟ್ಟಿಲಿನ ಕಂಬ ಹಿಡಿದುಕೊಂಡೆ. ಮಗಳಿಗೆ ಎಲ್ಲ ನೆನಪಿತ್ತು. ಅಂಗಿ ಬಿಚ್ಚಲ್ವಾ ಎಂದು ಕೇಳಿದ್ದೂ, ನಾನು ಗದರಿದ್ದೂ. ನಾಲ್ಕು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಆ ಮಗು ನನ್ನನ್ನು ಬಚ್ಚಿಟ್ಟುಕೊಂಡಿತ್ತು. ಇತ್ತ ಇವಳು ನನ್ನ ಮಗಳನ್ನು ಬಚ್ಚಿಟ್ಟುಕೊಂಡಿದ್ದಳು. ಇಬ್ಬರ ನೆರಳಿನಲ್ಲಿ ನಾನು ಬೀಗದಕೈ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಉಂಡವರು ಇವರಿಬ್ಬರು.

"ಅಕ್ಕ, ಅವಳಲ್ಲ. ನಾನು."

"ಏನು ನೀನು?"

"ಬಿಚ್ಚಬೇಡಿ ಅಂದಿದ್ದು ನಾನು. ಮಣ್ಣು ಉದುರ್ತಿತ್ತು. ಹೊತ್ತಾಗ್ತಿತ್ತು. ಕೆಳಗಿಂದ ನಗ್ತಿದ್ರು. ಕತ್ತರಿಯಿಂದ ಬುಡ ಕತ್ತರಿಸಿ ಕೊಟ್ಟೆ. ಇನ್ನೂರ ನಲವತ್ತಕ್ಕೂ. ಅವಳು ಕೇಳಿದ್ಲು ಅಕ್ಕ, ಅಂಗಿ ಬಿಚ್ಚಲ್ವಾ ಅಂತ. ನಾನೇ ಗದರಿದೆ. ಕವರು ಗಾಳಿಗೆ ಹಾರಿತು ಅಂದಿದ್ದು ಸುಳ್ಳು. ಸಭೆಗೆ ಮುಂಚೇನೇ ನಂಗೆ ಗೊತ್ತಿತ್ತು."

ಬೈಯಲಿ ಎಂದು ಕಾದೆ. ಹೊಡೆದರೂ ಸರಿಯೇ ಎಂದು ನಿಂತೆ. ಅವಳು ನನ್ನ ಮುಖ ನೋಡಲೇ ಇಲ್ಲ. ಕಟ್ಟುತ್ತಿದ್ದ ಗಂಟು ಕೈಯಲ್ಲೇ ಉಳಿಯಿತು.

"ಅಂದ್ರೆ ಮಗು ಕೇಳಿತ್ತಾ?" ಎಂದಳು. "ಅದಕ್ಕೆ ನೆನಪಿತ್ತಾ, ನಾನು ಹೇಳಿಕೊಟ್ಟಿದ್ದು?"

"ನೆನಪಿತ್ತು."

"ಎರಡು ಭಾನುವಾರ ಅದರ ಮುಂದೇನೇ ಬೇರೆ ಮಕ್ಕಳಿಗೆ ಗಿಡ ಕೊಟ್ಟೆನಲ್ಲೇ" ಎಂದಳು. ಕಣ್ಣೊರೆಸಿಕೊಂಡಳು, ಮಸಿ ಕೆನ್ನೆಗೆ ಹತ್ತಿತು. ಅವಳ ಮಾನ ಹೋದದ್ದರ ಬಗ್ಗೆ ಒಂದು ಮಾತು ಬರಲಿಲ್ಲ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. "ನಂಗೇನೂ ಹೇಳ್ಬೇಡ. ಇನ್ನೂ ಎಷ್ಟು ನಿಂತಿದಾವೆ?"

"ಎಂಬತ್ತಾರು."

"ನಾಳೆ ಬೆಳಿಗ್ಗೆ ಎಲ್ಲರನ್ನೂ ಕರಿ. ದೊಡ್ಡೋರು, ಚಿಕ್ಕೋರು ಎಲ್ಲರೂ. ಗುದ್ದಲಿ ತರೋಕೆ ಹೇಳು. ಯಾಕೆ ಅಂತ ನೀನೇ ಹೇಳು."

ಸಂಜೆ ಮನೆಮನೆಗೆ ಹೋಗಿ ಬರಲು ಹೇಳಿ ಬಂದೆ. ಮಗಳಿಗೆ ಮಾತ್ರ ಏನೂ ಹೇಳಲಾಗಲಿಲ್ಲ. ಉಣ್ಣುವಾಗ ಅವಳ ಮುಖ ನೋಡಲು ಹೆದರಿ, ಅನ್ನ ಬೇಕಾ ಎಂದು ಮೂರು ಸಲ ಕೇಳಿದೆ.

ಬೆಳಿಗ್ಗೆ ಮೇಲಿನ ಮಜಲಿನಲ್ಲಿ ನಲವತ್ತು ಜನ ಸೇರಿದರು. ನಾನು ಒಣಗಿದ ಒಂದು ಗಿಡವನ್ನು ಕಿತ್ತು, ಬುಡದ ಪ್ಲಾಸ್ಟಿಕ್ಕನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ. ಕತ್ತರಿ ಆಡಿಸಿದ್ದು, ಕವರು ಹಾರಿತೆಂದದ್ದು, ಭಾನುವಾರ ಕಾಲಿನಿಂದ ಮಣ್ಣು ಮುಚ್ಚಿದ್ದು, ಸಭೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡದ್ದು, ಯಾವುದನ್ನೂ ಬಿಡದೆ ಹೇಳಿದೆ. ಮಕ್ಕಳ ತಪ್ಪು ಒಂದಿಷ್ಟೂ ಇಲ್ಲ ಎಂದು ಎರಡು ಸಲ ಹೇಳಿದೆ. ಹಾಲಿನ ಬೂತಿನವಳ ಮುಖ ಕೆಂಪಾಯಿತು. "ಥೂ" ಎಂದಳು. ನನಗೋ, ಅವತ್ತು ಕೂಗಿ ನಕ್ಕಿದ್ದಕ್ಕೆ ತನಗೇ ಅಂದುಕೊಂಡಳೋ ತಿಳಿಯಲಿಲ್ಲ. ನಾನು ಬೀಗದಕೈಯನ್ನು ಇಸ್ತ್ರಿ ಅಕ್ಕನ ಮುಂದೆ ಹಿಡಿದೆ. ಅವಳು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ನನ್ನ ಕೈಯನ್ನು ಮಾತ್ರ ಮುಟ್ಟಲಿಲ್ಲ.

ಆಮೇಲೆ ಎಲ್ಲರೂ ಅಗೆಯಲು ಶುರು ಮಾಡಿದರು. ನಿಂತ ಗಿಡದ ಸುತ್ತ ಮಣ್ಣು ಬಿಡಿಸಿ, ಕವರನ್ನು ಮೇಲಿಂದ ಕೆಳಗೆ ಸೀಳಿ, ಸುತ್ತಿಕೊಂಡ ಬೇರನ್ನು ಕತ್ತರಿಸಿ, ಕೋಲಿನ ಆಸರೆ ಕೊಟ್ಟು ಮಣ್ಣು ಮುಚ್ಚಬೇಕು. ಅರ್ಧ ಉಳಿದರೆ ಪುಣ್ಯ ಎಂದಳು ಅಕ್ಕ. ನನ್ನ ಮಗಳು ಯಾರ ಜೊತೆಗೂ ಸೇರದೆ ಒಂದು ಕಡೆ ಜರಡಿ ಹಿಡಿದು ನಿಂತಿದ್ದಳು, ಅಭ್ಯಾಸವಾಗಿತ್ತಲ್ಲ.

ಇಸ್ತ್ರಿ ಅಕ್ಕ ಕುಂಟುತ್ತ ಅವಳ ಹತ್ತಿರ ಹೋದಳು. ಆ ಮಂಡಿ ಬಗ್ಗುವುದಿಲ್ಲ, ಆದರೂ ಒಂದು ಕೈ ನೆಲಕ್ಕೆ ಊರಿ ಕೂತಳು, ಮಗುವಿನ ಮುಖಕ್ಕೆ ಸಮನಾಗಿ.

"ತಪ್ಪಾಯ್ತು ಕಣೆ ಪುಟ್ಟಿ. ನಿನ್ನ ಮೇಲೆ ಮನಸ್ಸು ಕೆಡಿಸ್ಕೊಂಡೆ. ನಿನ್ನ ಕೈಗೆ ಗಿಡ ಕೊಡಲಿಲ್ಲ. ಅಜ್ಜೀದು ತಪ್ಪು."

ನಲವತ್ತು ಜನರಲ್ಲಿ ಮಾಡದ ತಪ್ಪು ಹೊತ್ತವರು ಅವರಿಬ್ಬರೇ. ಮಗಳು ಜರಡಿ ಕೆಳಗಿಟ್ಟು ಅಜ್ಜಿಯ ಕುತ್ತಿಗೆ ಅಪ್ಪಿಕೊಂಡಳು. ಅವಳ ಹೆಗಲ ಮೇಲಿಂದಲೇ ನನ್ನನ್ನು ನೋಡಿದಳು, ನಾಲ್ಕು ತಿಂಗಳಲ್ಲಿ ಮೊದಲ ಸಲ ಲಾಯರಮ್ಮನ ಕಣ್ಣಿಂದ.

"ಅಮ್ಮಾ, ನೀನು ಅಜ್ಜಿ ಹತ್ರ ತಪ್ಪಾಯ್ತು ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ನಿನ್ನೆಯಿಂದ ಎಲ್ಲವನ್ನೂ ಹೇಳಿದ್ದೆ, ಎಲ್ಲರಿಗೂ ಹೇಳಿದ್ದೆ. ಆ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ.